ವಿಲ್ ಬರೆಸಲು ಯಾರ ಹತ್ತಿರ ಹೋಗಬೇಕು? ಚಿಕ್ಕಮಗಳೂರಿನಲ್ಲಿ ನಾವು ನೋಡಿದ ಮೂರು ದಾರಿ

ಅಪ್ಪನ ಆಸ್ತಿ ಮುಂದೆ ಯಾರಿಗೆ, ಹೇಗೆ ಸೇರಬೇಕು ಅಂತ ಬರೆದಿಡುವ ಕೆಲಸಕ್ಕೆ ನಾವು ಮೂರು ಕಡೆ ಸಲಹೆ ಕೇಳಿದೆವು. ಸಬ್ ರಿಜಿಸ್ಟ್ರಾರ್ ಆಫೀಸಿನ ಹತ್ತಿರ ಕೂರುವ ಪತ್ರ ಬರಹಗಾರರು, ಬೆಂಗಳೂರಿನ ಒಂದು ಎಸ್ಟೇಟ್ ಪ್ಲಾನಿಂಗ್ (ಆಸ್ತಿ ಮುಂದೆ ಯಾರಿಗೆ, ಹೇಗೆ ಅಂತ ಯೋಜನೆ ಹಾಕಿಕೊಡುವ) ಕಂಪನಿ, ಆಮೇಲೆ ಚಿಕ್ಕಮಗಳೂರು ಕೋರ್ಟಿನಲ್ಲಿ ಸಿವಿಲ್ ಕೇಸು ನಡೆಸುವ ಒಬ್ಬ ವಕೀಲರು. ಮೂವರಿಗೂ ಅವರವರ ಕೆಲಸ ಗೊತ್ತಿದೆ. ಆದರೆ ಬರೆಯುವುದಕ್ಕೆ ಮೊದಲು ಅವರು ಕೇಳಿದ ಪ್ರಶ್ನೆಗಳಲ್ಲಿ ತುಂಬಾ ವ್ಯತ್ಯಾಸ ಇತ್ತು. ಸಲಹೆಗಾರರನ್ನು ಅಳೆಯಬೇಕಾದ್ದು ಅಲ್ಲೇ ಅಂತ ನನ್ನ ನಂಬಿಕೆ.

ನಮ್ಮ ಆಸ್ತಿ ಹೀಗಿದೆ. ಆಲ್ದೂರಿನ ಕಡೆ ಕಾಫಿ ತೋಟ. ಅದರಲ್ಲಿ ಒಂದು ಭಾಗ ಅಜ್ಜನ ಕಾಲದ್ದು, ದೊಡ್ಡಪ್ಪ ಚಿಕ್ಕಪ್ಪಂದಿರ ಜೊತೆ ಪಾಲಾದಾಗ ಅಪ್ಪನಿಗೆ ಬಂದದ್ದು. ಇನ್ನೊಂದು ಭಾಗ ಅಪ್ಪ ದುಡಿದು ಕೊಂಡದ್ದು. ಅಂಚಿನಲ್ಲಿ ಸ್ವಲ್ಪ ಒತ್ತುವರಿ ಮಾಡಿದ ಸರ್ಕಾರಿ ಜಾಗವೂ ಇದೆ, ನಮ್ಮ ಕಡೆಯ ಎಷ್ಟೋ ತೋಟಗಳಲ್ಲಿ ಇರುವ ಹಾಗೆ. ಪೇಟೆಯಲ್ಲೊಂದು ಮನೆ, ಬ್ಯಾಂಕಿನಲ್ಲಿ ಎಫ್‌ಡಿ, ಸ್ವಲ್ಪ ಮ್ಯೂಚುವಲ್ ಫಂಡ್. ನಾನು ಮದುವೆಯಾಗಿ ಹಾಸನದಲ್ಲಿದ್ದೇನೆ. ತಮ್ಮ ಬೆಂಗಳೂರಿನಲ್ಲಿ. ಅಪ್ಪ ಅಮ್ಮ ತೋಟದ ಮನೆಯಲ್ಲೇ.

ಪತ್ರ ಬರಹಗಾರರ ಹತ್ತಿರ ಕೆಲಸ ಬೇಗ, ಫೀಸೂ ಕಡಿಮೆ. ಪಹಣಿ, ಆಧಾರ್ ಕೊಟ್ಟರೆ ಸಾಕು, ಕರಡು ಸಿದ್ಧ. ಚಕ್ಕುಬಂದಿ (ಜಮೀನಿನ ನಾಲ್ಕೂ ಕಡೆಯ ಗಡಿ) ತಪ್ಪಿಲ್ಲದೆ ಬರೆಯುವುದು, ನೋಂದಣಿ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಾದ ಕಾವೇರಿ 2.0ರಲ್ಲಿ ಹಾಕುವುದು, ನೋಂದಣಿಗೆ ಸಮಯ ತೆಗೆದುಕೊಡುವುದು, ಇದರಲ್ಲೆಲ್ಲ ಅವರ ಕೈ ಪಳಗಿದೆ. ವಿಲ್‌ಗೆ ಸ್ಟಾಂಪ್ ಡ್ಯೂಟಿ ಇಲ್ಲ, ನೋಂದಣಿ ಕಡ್ಡಾಯವೂ ಅಲ್ಲ ಅಂತ ಅವರೇ ಮೊದಲು ಹೇಳಿದರು. ಅದು ನನಗೆ ಇಷ್ಟವಾಯಿತು.

ಆದರೆ ಕರಡಿನಲ್ಲಿ ಇಡೀ ತೋಟ ಅಪ್ಪನ ಸ್ವಯಾರ್ಜಿತ ಆಸ್ತಿ ಅಂತ ಬಂತು. ಪಹಣಿಯಲ್ಲಿ ಅಪ್ಪನೊಬ್ಬರ ಹೆಸರೇ ಇದ್ದದ್ದರಿಂದ ಹಾಗೆ ಬರೆದರು. ಆ ಜಮೀನು ಅಪ್ಪನಿಗೆ ಹೇಗೆ ಬಂತು ಅಂತ ಕೇಳಲೇ ಇಲ್ಲ. ಅಜ್ಜನಿಂದ ಹೀಗೆ ಪಾಲಾಗಿ ಬಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿರುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಬಂದ ಮೇಲೆ ಹೆಣ್ಣುಮಕ್ಕಳಿಗೂ ಅದೇ ಹಕ್ಕು. ತಿದ್ದುಪಡಿ ಬಂದ ದಿನ ತಂದೆ ಬದುಕಿರಲೇಬೇಕು ಅಂತೇನಿಲ್ಲ ಅಂತ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಹಾಗಾಗಿ ತೋಟದ ಆ ಭಾಗದಲ್ಲಿ ಅಪ್ಪ ವಿಲ್ ಬರೆಯಬಹುದಾದ್ದು ಅಪ್ಪನ ಪಾಲಿಗೆ ಮಾತ್ರ. ಇದನ್ನು ಬಿಟ್ಟು ಬರೆದ ವಿಲ್ ಇಟ್ಟುಕೊಂಡರೆ ಮುಂದೆ ಮಕ್ಕಳು ಕೋರ್ಟಿನಲ್ಲಿ ಎದುರಾಬದುರು ನಿಲ್ಲಬೇಕಾಗುತ್ತದೆ.

ಇನ್ನೊಂದು ಮಾತು ನನಗೆ ನೋವು ಕೊಟ್ಟಿತು. "ಮಗಳ ಹತ್ರ ಒಂದು ಹಕ್ಕು ಬಿಡುಗಡೆ ಪತ್ರ ಬರೆಸ್ಕೊಂಡ್ರೆ ಮುಗೀತು ಗೌಡ್ರೇ" ಅಂದರು. ನಾನು ಪಕ್ಕದಲ್ಲೇ ಕೂತಿದ್ದೆ. ನನ್ನ ಮುಖ ಕೂಡ ನೋಡಲಿಲ್ಲ. ಹಕ್ಕು ಬಿಡುವುದು, ಇಟ್ಟುಕೊಳ್ಳುವುದು ಮಗಳ ಇಷ್ಟ. ಆದರೆ ಏನನ್ನು ಬಿಡುತ್ತಿದ್ದೇನೆ ಅಂತ ಅವಳಿಗೆ ಯಾರಾದರೂ ಬಿಡಿಸಿ ಹೇಳಬೇಕಲ್ವಾ?

ಬೆಂಗಳೂರಿನ ಕಂಪನಿಯನ್ನು ತಮ್ಮ ಹುಡುಕಿದ. ವಿಡಿಯೊ ಕಾಲ್‌ನಲ್ಲಿ ಮಾತುಕತೆ. ಅವರು ಕಳಿಸಿದ ಫಾರಂ ನಿಜಕ್ಕೂ ಚೆನ್ನಾಗಿತ್ತು. ಬ್ಯಾಂಕ್ ಖಾತೆ, ಲಾಕರ್, ಜೀವವಿಮೆ, ಸಾಲ, ಯಾರಿಗೆ ಜಾಮೀನು ನಿಂತಿದ್ದೀರಿ ಅನ್ನುವುದು, ಎಲ್ಲ ಕೇಳಿದ್ದರು. ಅದನ್ನು ತುಂಬುವಾಗಲೇ ಅಪ್ಪನ ಒಂದು ಹಳೆಯ ಎಫ್‌ಡಿಗೆ ನಾಮಿನಿ ಇಲ್ಲ ಅಂತ ಗೊತ್ತಾದದ್ದು. ನಾಮಿನಿ ಅಂದರೆ ವಾರಸುದಾರ ಅಂತ ಅಪ್ಪ ತಿಳಿದಿದ್ದರು, ಹೆಚ್ಚಿನವರು ಹಾಗೇ ತಿಳಿಯುತ್ತಾರೆ. ಬ್ಯಾಂಕು ನಾಮಿನಿಯ ಕೈಗೆ ಹಣ ಕೊಡುತ್ತದೆ ಅಷ್ಟೇ, ಆ ಹಣ ಸೇರಬೇಕಾದ್ದು ವಿಲ್ ಪ್ರಕಾರ ಅಥವಾ ಕಾನೂನಿನ ಪ್ರಕಾರ ಹಕ್ಕಿರುವವರಿಗೆ. ಷೇರುಗಳ ವಿಚಾರದಲ್ಲೂ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಇದನ್ನೇ ಹೇಳಿದೆ. ಬ್ಯಾಂಕ್ ಠೇವಣಿಗೆ 2025ರ ನವೆಂಬರ್ 1ರಿಂದ ನಾಲ್ಕು ಜನರವರೆಗೆ ನಾಮಿನಿ ಹಾಕಬಹುದು ಅಂತಲೂ ಅವರಿಂದಲೇ ತಿಳಿಯಿತು.

ಅಲ್ಲಿಂದ ಮುಂದೆ ಮಾತೆಲ್ಲ ಟ್ರಸ್ಟ್ ಕಡೆಗೇ ಹೋಯಿತು, ಅಂದರೆ ಆಸ್ತಿಯನ್ನು ಟ್ರಸ್ಟಿ ಅನ್ನುವವರ ಕೈಗೆ ಕೊಟ್ಟು, ಮನೆಯವರ ಪರವಾಗಿ ಅವರು ನೋಡಿಕೊಳ್ಳುವ ವ್ಯವಸ್ಥೆ. ತೋಟ, ಮನೆ ಎಲ್ಲ ಒಂದು ಖಾಸಗಿ ಟ್ರಸ್ಟಿಗೆ ಹಾಕಿ, ಅವರದೇ ಗುಂಪಿನ ಕಂಪನಿ ಟ್ರಸ್ಟಿ ಆಗಿರುತ್ತದೆ, ಪ್ರತಿ ವರ್ಷ ಆಸ್ತಿಯ ಬೆಲೆಯ ಮೇಲೆ ಶೇಕಡಾ ಲೆಕ್ಕದಲ್ಲಿ ಫೀಸು. ವಾರಸುದಾರಿಕೆಯ ಮೇಲೆ ತೆರಿಗೆ ಬರಬಹುದು, ಈಗಲೇ ಮಾಡಿಬಿಡಿ ಅಂತ ಅವಸರ ಬೇರೆ. ನಮ್ಮ ದೇಶದಲ್ಲಿ ಆ ತೆರಿಗೆ 1985ರಲ್ಲೇ ಹೋಗಿದೆ. ಇಲ್ಲದ ತೆರಿಗೆಯ ಹೆದರಿಕೆ ತೋರಿಸಿ ಎಪ್ಪತ್ತು ದಾಟಿದವರ ಹತ್ತಿರ ಸಹಿ ಹಾಕಿಸುವುದು ಸರಿಯಲ್ಲ. ಇನ್ನು ಒತ್ತುವರಿ, ಪೋಡಿ (ಜಮೀನಿನ ಭಾಗವನ್ನು ಅಳೆದು ದಾಖಲೆಯಲ್ಲಿ ಬೇರೆ ಮಾಡುವುದು), 11ಇ ನಕ್ಷೆ (ಆ ಭಾಗವನ್ನು ಬಿಡಿಸಿ ತೋರಿಸುವ ಸರ್ವೆ ನಕ್ಷೆ) ಅಂದರೆ ಅವರಿಗೆ ನಾವೇ ವಿವರಿಸಬೇಕಾಯಿತು. ಎಸ್ಟೇಟ್ ಪ್ಲಾನರ್ ಅಂತ ಬೋರ್ಡ್ ಹಾಕಿಕೊಳ್ಳಲು ನಮ್ಮಲ್ಲಿ ಪ್ರತ್ಯೇಕ ಲೈಸೆನ್ಸ್ ಇಲ್ಲ, ಇದು ನೆನಪಿರಲಿ. ಎದುರಿಗೆ ಕೂತವರು ವಕೀಲರೋ, ಲೆಕ್ಕಪರಿಶೋಧಕರೋ, ಬರೀ ಮಾರಾಟದವರೋ ಅಂತ ಕೇಳಿಯೇ ತಿಳಿಯಬೇಕು.

ಜೀವನಪೂರ್ತಿ ಆರೈಕೆ ಬೇಕಾದ ಮಗು ಇರುವ ಮನೆಗೆ, ವ್ಯವಹಾರ ನಾಲ್ಕಾರು ಕಡೆ ಹರಡಿದವರಿಗೆ ಟ್ರಸ್ಟ್ ಒಳ್ಳೆಯದೇ. ನಮ್ಮಂಥ ಮನೆಗೆ ಬೇಕಿರಲಿಲ್ಲ. ಮೊಬೈಲಿನಲ್ಲಿ ಫಾರಂ ತುಂಬಿ ವಿಲ್ ಮಾಡಿಕೊಳ್ಳುವ ಆ್ಯಪ್‌ಗಳನ್ನೂ ತಮ್ಮ ನೋಡಿದ. ಒಂದು ಫ್ಲಾಟು, ಒಂದಷ್ಟು ಠೇವಣಿ ಇರುವವರಿಗೆ ಸಾಕಾಗಬಹುದು. ಸರ್ವೆ ನಂಬರು, ಹಿಸ್ಸಾ (ಸರ್ವೆ ನಂಬರಿನ ಉಪಭಾಗ) ಇರುವ ಜಮೀನಿಗೆ ಬೇಡ.

ವಕೀಲರು ಮೊದಲ ಸಲ ಏನೂ ಬರೆಯಲಿಲ್ಲ. ಹಳೆಯ ವಿಭಾಗಪತ್ರ, ಕ್ರಯಪತ್ರ, ಇಸಿ (ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ), ಮ್ಯುಟೇಶನ್ (ಖಾತೆ ಬದಲಾವಣೆ) ಪ್ರತಿ, ವಂಶವೃಕ್ಷ ತರಲು ಹೇಳಿದರು. ಯಾವ ಸರ್ವೆ ನಂಬರು ಅಜ್ಜನದ್ದು, ಯಾವುದು ಅಪ್ಪ ಕೊಂಡದ್ದು ಅಂತ ಬೇರೆ ಬೇರೆ ಪಟ್ಟಿ ಮಾಡಿಸಿದರು. ಆಮೇಲೆ ಕೇಳಿದರು: "ಗೌಡ್ರೇ, ನೀವಿಲ್ಲದ ಕಾಲಕ್ಕೆ ಅಮ್ಮಾವ್ರು ಎಲ್ಲಿರ್ತಾರೆ?"

ಅಪ್ಪ "ಮಗನ ಮನೇಲಿ" ಅಂದರು. ವಕೀಲರು ಅಮ್ಮನ ಕಡೆ ತಿರುಗಿ "ನೀವು ಹೇಳಿ ಅಮ್ಮಾ" ಅಂದರು. ಅಲ್ಲಿಯವರೆಗೆ ಅಮ್ಮನನ್ನು ಯಾರೂ ಏನೂ ಕೇಳಿರಲಿಲ್ಲ. "ನಾನು ತೋಟದ ಮನೆ ಬಿಟ್ಟು ಎಲ್ಲೂ ಹೋಗಲ್ಲ" ಅಂದರು ಅಮ್ಮ. ನಮ್ಮ ಲೆಕ್ಕಾಚಾರವೆಲ್ಲ ಬದಲಾದದ್ದು ಅಲ್ಲಿ.

ತೋಟದ ಮನೆ, ಅದರ ಸುತ್ತಲಿನ ಜಾಗ ಅಪ್ಪ ಕೊಂಡ ಭಾಗದಲ್ಲೇ ಬರುತ್ತದೆ. ಅದನ್ನು ಅಮ್ಮನಿಗೆ ಪೂರ್ತಿ ಹಕ್ಕಿನಿಂದ ಬರೆಯಲು ವಕೀಲರು ಹೇಳಿದರು. ಬದುಕಿರುವವರೆಗೆ ಮಾತ್ರ ಅಂತ ಬರೆದರೆ, ಅದು ಪೂರ್ತಿ ಹಕ್ಕೋ ಸೀಮಿತ ಹಕ್ಕೋ ಅನ್ನುವ ಜಗಳ ಹೆಂಗಸರ ಆಸ್ತಿ ಹಕ್ಕಿನ ಬಗ್ಗೆ ಹೇಳುವ ಉತ್ತರಾಧಿಕಾರ ಕಾಯ್ದೆಯ 14ನೇ ಸೆಕ್ಷನ್ ಸುತ್ತ ಕೋರ್ಟುಗಳಲ್ಲಿ ಬೇಕಾದಷ್ಟಿದೆಯಂತೆ. ಅಮ್ಮನೂ ಒಂದು ವಿಲ್ ಬರೆಯುವುದು ಒಳ್ಳೆಯದು ಅಂದರು. ಏನೂ ಬರೆಯದೆ ಹೋದರೆ ಅಪ್ಪನ ಸ್ವಂತ ಆಸ್ತಿ ಅಮ್ಮ, ನಾನು, ತಮ್ಮ ಮೂವರಿಗೂ ಸಮ ಪಾಲು. ಕೇಳಲು ನ್ಯಾಯವೇ, ಆದರೆ ಅಮ್ಮ ಇರುವ ಮನೆಯೂ ಮೂರು ಪಾಲಾಗುತ್ತದೆ.

ಕುಟುಂಬದೊಳಗಿನ ದಾನಪತ್ರಕ್ಕೆ ಕರ್ನಾಟಕದಲ್ಲಿ ಸ್ಟಾಂಪ್ ಡ್ಯೂಟಿ ತೀರಾ ಕಡಿಮೆ, ಈಗಲೇ ದಾನ ಮಾಡಿಬಿಟ್ಟರೆ ಹೇಗೆ ಅಂತ ತಮ್ಮ ಕೇಳಿದ. ವಕೀಲರು ಅಪ್ಪನಿಗೆ ನೇರವಾಗಿ ಹೇಳಿದರು: ವಿಲ್ ಅನ್ನು ಯಾವಾಗ ಬೇಕಾದರೂ ಬದಲಿಸಬಹುದು, ದಾನಪತ್ರ ನೋಂದಣಿಯಾದ ದಿನವೇ ಆಸ್ತಿ ಕೈಬಿಟ್ಟು ಹೋಗುತ್ತದೆ. ಮಕ್ಕಳು ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ದಾನ ರದ್ದು ಮಾಡಿಸಲು ಉಪವಿಭಾಗಾಧಿಕಾರಿ ಮುಂದೆ ಹೋಗಬಹುದು. ಆದರೆ ನೋಡಿಕೊಳ್ಳಬೇಕು ಅನ್ನುವ ಷರತ್ತು ಪತ್ರದಲ್ಲೇ ಇರಬೇಕು, ಇಲ್ಲದಿದ್ದರೆ ಕಷ್ಟ. ತಮ್ಮ ಒಪ್ಪಿದ. ಒತ್ತುವರಿ ಜಾಗವನ್ನು ಸ್ವಂತದ್ದು ಅಂತ ಬರೆಯಬೇಡಿ, ಅದನ್ನು ಸರ್ಕಾರದಿಂದ ಗುತ್ತಿಗೆಗೆ ಪಡೆಯಲು ಹಾಕಿದ ಅರ್ಜಿಯ ವಿವರ ಮಾತ್ರ ಬೇರೆ ಹಾಳೆಯಲ್ಲಿ ಇಡಿ ಅಂದರು. ಸಾಕ್ಷಿಗಳು ಇಬ್ಬರು ಬೇಕೇ ಬೇಕು. ಅವರು ಅಪ್ಪನಿಗಿಂತ ಚಿಕ್ಕವರಾಗಿರಲಿ, ಇದೇ ಊರಿನವರಾಗಿರಲಿ, ಆಸ್ತಿ ಪಡೆಯುವವರಾಗಿರಬಾರದು ಅಂತಲೂ ಹೇಳಿದರು.

ಕೊರತೆಯೂ ಇತ್ತು. ಕೋರ್ಟಿನ ದಿನ ಫೋನ್ ಎತ್ತುವುದಿಲ್ಲ. ಕೆಲಸ ನಿಧಾನ. ಮ್ಯೂಚುವಲ್ ಫಂಡ್ ವಿಚಾರ "ಅದು ನೀವೇ ನೋಡ್ಕೊಳಿ" ಅಂದುಬಿಟ್ಟರು. ಕರಡಿನ ಕನ್ನಡ ಎಷ್ಟು ಗಟ್ಟಿ ಅಂದರೆ, ಅಮ್ಮನಿಗೆ ಸಾಲು ಸಾಲಾಗಿ ಬಿಡಿಸಿ ಹೇಳಬೇಕಾಯಿತು. ಫೀಸು ಪತ್ರ ಬರಹಗಾರರಿಗಿಂತ ಜಾಸ್ತಿ. ಆದರೆ ಒಂದೇ ಸಲದ್ದು, ಮೊದಲೇ ಹೇಳಿದರು, ರಸೀದಿಯನ್ನೂ ಕೊಟ್ಟರು.

ಜಮೀನು ಇರುವವರಿಗೆ ನನ್ನ ಮತ ವಕೀಲರಿಗೇ. ಅದರಲ್ಲೂ ಪಾಲಿನ ಕೇಸು ನಡೆಸಿದವರು ಬೇಕು, ಯಾಕೆಂದರೆ ವಿಲ್ ಎಲ್ಲಿ ಮುರಿದುಬೀಳುತ್ತದೆ ಅಂತ ಅವರು ಕಣ್ಣಾರೆ ಕಂಡಿರುತ್ತಾರೆ. ಕರಡು ಅವರದು, ನೋಂದಣಿಯ ಓಡಾಟ ಅದೇ ಪತ್ರ ಬರಹಗಾರರದು, ನಾಮಿನಿ ಹಾಕಿಸುವುದು ನಾವೇ. ನಾವು ಮಾಡಿದ್ದು ಹೀಗೆ. ಮೊದಲ ಭೇಟಿಗೆ ಹೋಗುವಾಗ ಜಮೀನಿನ ಮೂಲ ಪತ್ರಗಳನ್ನು ಒಯ್ಯಿರಿ, ಅಮ್ಮನನ್ನೂ ಹೆಣ್ಣುಮಕ್ಕಳನ್ನೂ ಕರೆದುಕೊಂಡೇ ಹೋಗಿ. ವಿಲ್ ನೋಂದಣಿಯಾಗಿ ಅಮ್ಮನ ಹತ್ತಿರ ಇದೆ. ಅಪ್ಪ ಕೊಂಡ ಭಾಗದ ಪೋಡಿ ಆಗುವುದು ಬಾಕಿ, ಅದಕ್ಕೆ ಅರ್ಜಿ ಕೊಟ್ಟಿದ್ದೇವೆ.