ಎರಡೂವರೆ ವರ್ಷ ಬಳಸಿದ ಮೇಲೆ: ನಮ್ಮ ಮಿರ್ಚಿ ಗಾಡಿಯ ಯುಪಿಐ ಸೌಂಡ್‌ಬಾಕ್ಸ್

ದಾವಣಗೆರೆಯಲ್ಲಿ ನಮ್ಮದು ಮಂಡಕ್ಕಿ-ಮಿರ್ಚಿ ಗಾಡಿ. ಸಂಜೆ ನಾಲ್ಕಕ್ಕೆ ಒಲೆ ಹಚ್ಚಿದರೆ ರಾತ್ರಿ ಒಂಬತ್ತೂವರೆವರೆಗೆ ನನ್ನ ಎರಡೂ ಕೈ ಕಡ್ಲೆಹಿಟ್ಟಿನಲ್ಲೇ. ಮೊದಲು ಬರೀ ಕ್ಯೂಆರ್ ಚೀಟಿ ಅಂಟಿಸಿದ್ದೆವು. "ಅಕ್ಕಾ, ಹಾಕಿದೀನಿ ನೋಡ್ರಿ" ಅಂತ ಗಿರಾಕಿಗಳು ಫೋನ್ ತೋರಿಸುತ್ತಿದ್ದರು. ಹಿಟ್ಟಿನ ಕೈಯಲ್ಲಿ ನನ್ನ ಫೋನ್ ತೆಗೆದು ನೋಡೋದು ಹೇಗೆ? ನಂಬಿ ಕಳಿಸುತ್ತಿದ್ದೆ. ರಾತ್ರಿ ಲೆಕ್ಕದಲ್ಲಿ ಕೆಲವು ದಿನ ನೂರಿನ್ನೂರು ಕಡಿಮೆ ಬೀಳುತ್ತಿತ್ತು. ಅದಕ್ಕೇ ದುಡ್ಡು ಬಂದ ಕೂಡಲೇ ಎಷ್ಟು ಅಂತ ಕೂಗಿ ಹೇಳುವ ಈ ಡಬ್ಬಿ ತಗೊಂಡಿದ್ದು.

ಆದರೆ ಇಷ್ಟೆಲ್ಲ ಬರೆಯೋಕೆ ಕೂತಿದ್ದು ನಮ್ಮಪ್ಪನ ಸಲುವಾಗಿ. ಕಣ್ಣು ಮಂಜಾದ ಮೇಲೆ ಅಪ್ಪ ಗಾಡಿ ಹತ್ತಿರ ಬರೋದನ್ನೇ ಬಿಟ್ಟಿದ್ದರು. ನೂರರ ನೋಟು ಯಾವುದು, ಐನೂರರದ್ದು ಯಾವುದು ಗೊತ್ತಾಗಲ್ಲ. "ನಾನ್ ಬಂದ್ರೆ ನಿನಗೇ ಅಡ್ಡ" ಅನ್ನುತ್ತಿದ್ದರು. ಡಬ್ಬಿ ಕನ್ನಡದಲ್ಲಿ ದುಡ್ಡು ಹೇಳುತ್ತೆ ಅಂತ ತಿಳಿದ ವಾರದಲ್ಲೇ ಸ್ಟೂಲ್ ಹಾಕಿಕೊಂಡು ಪಕ್ಕದಲ್ಲಿ ಕೂತರು. ಈಗ ದಿನಾ ಸಂಜೆ ಅದನ್ನು ಚಾರ್ಜರ್‌ನಿಂದ ಬಿಡಿಸೋರು ಅವರೇ. ಪಂಚೆಯ ತುದಿಯಿಂದ ಎಣ್ಣೆ ಜಿಡ್ಡು ಒರೆಸುತ್ತಾರೆ. ಬೆರಳಲ್ಲೇ ಗುಂಡಿ ಹುಡುಕಿ ಸದ್ದು ಜಾಸ್ತಿ ಮಾಡುತ್ತಾರೆ. ಆಮೇಲೆ ಈರುಳ್ಳಿ ಬುಟ್ಟಿಯ ಹಿಂದೆ ಇಡುತ್ತಾರೆ. "ನಲವತ್ತು ರೂಪಾಯಿ" ಅಂತ ಕೇಳಿಸಿದ ಕೂಡಲೇ "ಬಂತು, ಕೊಡವ್ವ" ಅಂತಾರೆ. ರಾತ್ರಿ ನಾನು ಫೋನ್‌ನಲ್ಲಿ ನೋಡುವ ಮೊತ್ತವನ್ನು ಅವರು ಮೊದಲೇ ಬಾಯಲ್ಲಿ ಹೇಳಿರುತ್ತಾರೆ. ಹತ್ತಿಪ್ಪತ್ತು ರೂಪಾಯಿ ಆಚೀಚೆ, ಅಷ್ಟೇ.

ವ್ಯಾಪಾರಕ್ಕೂ ಅನುಕೂಲ ಆಗಿದೆ. ಚಿಲ್ಲರೆ ಜಗಳ ನಿಂತಿದೆ. ಬೀದಿ ವ್ಯಾಪಾರಿಗಳಿಗೆ ಸಾಲ ಕೊಡುವ ಕೇಂದ್ರ ಸರ್ಕಾರದ ಪಿಎಂ ಸ್ವನಿಧಿ ಯೋಜನೆಯಲ್ಲಿ ಮೊದಲು 10,000, ಅದು ತೀರಿಸಿದ ಮೇಲೆ 20,000 ಸಾಲ ಸಿಕ್ಕಿತು. ಯುಪಿಐ ವ್ಯಾಪಾರಕ್ಕೆ ಆ ಯೋಜನೆಯಲ್ಲಿ ಆಗ ತಿಂಗಳಿಗೆ 100 ರೂಪಾಯಿವರೆಗೆ ಕ್ಯಾಶ್‌ಬ್ಯಾಕ್ ಬೇರೆ ಇತ್ತು. ಎರಡನೇ ಸಾಲದಲ್ಲಿ ದೊಡ್ಡ ಬಾಣಲಿ ತಂದೆವು. ಒಂದು ಸಲಕ್ಕೆ ಹನ್ನೆರಡು ಮಿರ್ಚಿ ಬಿಡುತ್ತಿದ್ದವಳು ಈಗ ಇಪ್ಪತ್ತು ಬಿಡುತ್ತೇನೆ.

ಬೇಜಾರಾಗಿದ್ದು ಹೋದ ಮಳೆಗಾಲದಲ್ಲಿ. ಡಬ್ಬಿ ಮೂಕವಾಯಿತು. ಕಂಪನಿಗೆ ಫೋನ್ ಮಾಡಿದಾಗೆಲ್ಲ "ಎರಡು ದಿನದಲ್ಲಿ ಹುಡುಗ ಬರ್ತಾನೆ". ಬಂದಿದ್ದು ಹತ್ತೊಂಬತ್ತನೇ ದಿನ. ಆ ತಿಂಗಳ 125 ರೂಪಾಯಿ ಬಾಡಿಗೆ ಮಾತ್ರ ಸರಿಯಾಗಿ ತಾರೀಖಿಗೆ ಕಟ್ ಆಯಿತು. 2020ರ ಜನವರಿಯಿಂದ ಯುಪಿಐಗೆ ಅಂಗಡಿಯವರಿಂದ ಕಮಿಷನ್ ತಗೊಳ್ಳೋ ಹಾಗಿಲ್ಲ, ಹಾಗಾಗಿ ಬಾಡಿಗೆ ಬೇಕು ಅನ್ನೋದು ಅರ್ಥವಾಗುತ್ತೆ. ಆದರೆ ಕೆಟ್ಟು ಕೂತ ಡಬ್ಬಿಗೂ ಬಾಡಿಗೆಯೇ? ನಾಲ್ಕು ಪ್ಲೇಟ್ ಮಿರ್ಚಿ ದುಡ್ಡು ಅದು.

ಆ ಹತ್ತೊಂಬತ್ತು ದಿನ ಅಪ್ಪ ಸ್ಟೂಲ್ ಮೇಲೆ ಸುಮ್ನೆ ಕೂತಿದ್ದರು. ಒಂದು ರಾತ್ರಿ ಒಬ್ಬ ಹುಡುಗನ ಖಾತೆಯಿಂದ 60 ರೂಪಾಯಿ ಹೋಯಿತು, ನಮಗೆ ಬರಲಿಲ್ಲ. ಅವನು ಮತ್ತೆ ಹಾಕೋಕೆ ಹೊರಟ. ಹಾಗೆ ಮಧ್ಯೆ ಸಿಕ್ಕಿಕೊಂಡ ದುಡ್ಡು ಐದು ದಿನದೊಳಗೆ ತಾನಾಗೇ ವಾಪಸ್ ಹೋಗಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಅಪ್ಪನಿಗೆ ಆ ನಿಯಮ ಗೊತ್ತಿಲ್ಲ. "ಬಿಡಪ್ಪ, ನಿನ್ ದುಡ್ಡು ನಿನಗೆ ಬಂದ ಮೇಲೆ ಕೊಡುವಂತೆ" ಅಂದರು. ಮೂರನೇ ದಿನ ಅವನೇ ಬಂದು ಕೊಟ್ಟ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತಿದ್ದೆ, ರಿಪೇರಿ ಕಾಟಕ್ಕೆ ಮೂರೂವರೆ. ತಗೊಳ್ಳೋರು ರಿಪೇರಿಗೆ ಎಷ್ಟು ದಿನ ಅಂತ ಮೊದಲೇ ಕೇಳಿ. ಮಳೆಗಾಲದಲ್ಲಿ ತೆಳು ಪ್ಲಾಸ್ಟಿಕ್ ಕವರ್ ಹಾಕಿ. ಸದ್ದು ಕಡಿಮೆಯಾಗಲ್ಲ, ಅಪ್ಪ ರಸ್ತೆ ಆಚೆ ನಿಂತು ಕೇಳಿ ನೋಡಿದ್ದಾರೆ.