ಸ್ಟ್ರಾಸ್‌ಬರ್ಗಿನ ಆಲ್ಸೇಸಿಯನ್ ಮ್ಯೂಸಿಯಂ: ಸಾಮಾನಿಗೆ ಪೂರ್ತಿ ಅಂಕ, ಚರಿತ್ರೆಗೆ ಅರ್ಧ

1907ರಲ್ಲಿ ಈ ಮ್ಯೂಸಿಯಂ ಬಾಗಿಲು ತೆರೆದಾಗ ಸ್ಟ್ರಾಸ್‌ಬರ್ಗ್ ಫ್ರಾನ್ಸಿನಲ್ಲಿ ಇರಲಿಲ್ಲ. 1871ರಲ್ಲಿ ಫ್ರಾನ್ಸ್ ಯುದ್ಧ ಸೋತ ನಂತರ ಆಲ್ಸಾಸ್ ಪ್ರಾಂತ್ಯ ಜರ್ಮನಿಯ ಪಾಲಾಗಿತ್ತು. ಡಾಕ್ಟರ್ ಪಿಯರ್ ಬುಶೆ ಮತ್ತು ಅವರ ಗೆಳೆಯರು ಮಂಚ, ಒಲೆ, ಲಂಗ, ಅಚ್ಚುಗಳನ್ನು ಕೂಡಿಹಾಕಿದ್ದು ಬರೀ ಹಳೇ ಸಾಮಾನಿನ ಮೋಹಕ್ಕಲ್ಲ. ಮನೆಮಾತು ಜರ್ಮನ್ ಕುಲದ್ದಾದರೂ ನಮ್ಮ ಬದುಕು ಬೇರೆ ಎಂದು ಬರ್ಲಿನ್ನಿಗೆ ಕಾಣಿಸಬೇಕಿತ್ತು. ಇದು ತಿಳಿಯದೆ ಒಳಗೆ ಹೋದರೆ ಚೆಂದದ ಹಳ್ಳಿಮನೆ ನೋಡಿ ಬಂದಂತಾಗುತ್ತದೆ ಅಷ್ಟೆ. ಮ್ಯೂಸಿಯಮ್ಮೂ ಬಹುಪಾಲು ಅಷ್ಟನ್ನೇ ತೋರಿಸಿ ಸುಮ್ಮನಾಗುತ್ತದೆ. ನಮ್ಮ ತಕರಾರಿರುವುದು ಅಲ್ಲೇ.

ಜಾಗ ಸುಲಭ. ಎ ಅಥವಾ ಡಿ ಟ್ರಾಮ್ ಹಿಡಿದು ಪೋರ್ಟ್ ದ ಲೋಪಿತಾಲ್‌ನಲ್ಲಿ ಇಳಿದರೆ ಇಲ್ ನದಿಯ ದಂಡೆಗೆ ಕೆಲವೇ ನಿಮಿಷದ ನಡಿಗೆ. ಮಂಗಳವಾರ ರಜೆ. ಮಧ್ಯಾಹ್ನ ಊಟದ ಹೊತ್ತಿನಲ್ಲೂ ಮುಚ್ಚುವುದುಂಟು, ಹಾಗಾಗಿ ಬೆಳಿಗ್ಗೆ ತೆರೆಯುತ್ತಲೇ ಹೋಗುವುದು ವಾಸಿ. 18 ದಾಟದವರಿಗೆ ಟಿಕೆಟ್ ಬೇಕಿಲ್ಲ. ತಿಂಗಳ ಮೊದಲ ಭಾನುವಾರ ಎಲ್ಲರಿಗೂ ಪುಕ್ಕಟೆ, ಅಂದು ನೂಕುನುಗ್ಗಲೂ ಜಾಸ್ತಿ. ಪ್ಯಾರಿಸ್ಸಿನಿಂದ ಬರುವವರು ಎಡವುವುದು ಗುಡ್ ಫ್ರೈಡೇ ದಿನ. ಫ್ರಾನ್ಸಿನ ಉಳಿದೆಡೆ ಅದು ಕೆಲಸದ ದಿನ, ಆಲ್ಸಾಸ್‌ನಲ್ಲಿ ರಜೆ, ಮ್ಯೂಸಿಯಮ್ಮಿಗೂ ಬೀಗ. ಧರ್ಮ ಮತ್ತು ಸರ್ಕಾರವನ್ನು ಬೇರ್ಪಡಿಸುವ ಕಾನೂನು 1905ರಲ್ಲಿ ಬಂದಾಗ ಈ ಪ್ರಾಂತ್ಯ ಜರ್ಮನಿಯ ಕೈಯಲ್ಲಿತ್ತು. ಆ ಕಾನೂನು ಇಂದಿಗೂ ಇಲ್ಲಿ ಅನ್ವಯಿಸುವುದಿಲ್ಲ. ಪಾದ್ರಿ, ಪಾಸ್ಟರ್, ರಬ್ಬಿಗಳ ಸಂಬಳ ಸರ್ಕಾರದ್ದೇ.

ಒಳಗಿನ ವ್ಯವಸ್ಥೆಗೆ ಬಂದರೆ, ಹಳೆಯ ಮನೆಗಳನ್ನು ಒಂದಕ್ಕೊಂದು ಸೇರಿಸಿ ಮಾಡಿದ ಕಟ್ಟಡ. ನಡುವೆ ಅಂಗಳ, ಸುತ್ತ ಮರದ ಮೊಗಸಾಲೆ, ಕಡಿದಾದ ಮೆಟ್ಟಿಲು. ಮಂಡಿನೋವಿನವರಿಗೆ ಕಷ್ಟ, ಗಾಲಿಕುರ್ಚಿಗಂತೂ ಒಗ್ಗುವ ಜಾಗವಲ್ಲ. ವಿವರಣೆಗಳಲ್ಲಿ ಫ್ರೆಂಚಿನದೇ ಮೇಲುಗೈ. ಎರಡು ಗಂಟೆ ಇಟ್ಟುಕೊಳ್ಳಿ.

ಅದರಲ್ಲಿ ಅರ್ಧ ಗಂಟೆಯನ್ನು ‘ಸ್ಟುಬ್’ಗೇ ಕೊಡಿ. ರೈತನ ಮನೆಯಲ್ಲಿ ಬೆಚ್ಚಗಿರುತ್ತಿದ್ದುದು ಈ ಒಂದು ಕೋಣೆ. ಒಲೆಯ ಬಾಯಿ ಎಲ್ಲಿದೆ ಎಂದು ಹುಡುಕಿದರೆ ಸಿಗುವುದಿಲ್ಲ. ಅದು ಗೋಡೆಯಾಚೆ, ಅಡುಗೆಮನೆಯ ಕಡೆಗಿರುತ್ತದೆ. ಸೌದೆ ಅಲ್ಲಿಂದ ತುರುಕುತ್ತಾರೆ, ಹೊಗೆ ಅಲ್ಲೇ ಉಳಿಯುತ್ತದೆ, ಕೋಣೆಗೆ ಬರುವುದು ಬಿಸಿ ಮಾತ್ರ. ಹಾಸಿಗೆಯ ನೀಲಿ, ಕೆಂಪು ಚೌಕಳಿಯ ಬಟ್ಟೆ ‘ಕೆಲ್ಶ್’. ಸೂಫ್ಲೆನ್‌ಹೈಮಿನ ಕುಗೆಲ್‌ಹೋಫ್ ಎಂಬ ಕೇಕಿನ ಮಣ್ಣಿನ ಅಚ್ಚುಗಳನ್ನೂ ಬೆಟ್‌ಶ್‌ಡೋರ್ಫಿನ ಬೂದು–ನೀಲಿ ಜಾಡಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ: ಮೊದಲನೆಯದು ಒಲೆಗೆ, ಎರಡನೆಯದು ಉಪ್ಪು ಎರಚಿ ಸುಟ್ಟ ಗಟ್ಟಿ ಜಾತಿ, ಶೇಖರಣೆಗೆ.

ಮಕ್ಕಳಿಗೆ ಹಿಡಿಸುವುದು ಹಿಟ್ಟಿನ ಗಿರಣಿಯ ಮರದ ಮುಖವಾಡಗಳು. ಕಣ್ಣು ಕೆಕ್ಕರಿಸಿ ಬಾಯಿ ಕಳೆದ ಈ ವಿಕಾರ ಮೂತಿಗಳ ಬಾಯಿಂದಲೇ ತೌಡು ಹೊರಬೀಳುತ್ತಿತ್ತು. ಯಹೂದಿ ವಿಭಾಗವನ್ನು ಅವಸರದಲ್ಲಿ ದಾಟಬೇಡಿ. ಸುನ್ನತಿಯಲ್ಲಿ ಬಳಸಿದ ಬಟ್ಟೆಯನ್ನು ಪಟ್ಟಿಗಳಾಗಿ ಕತ್ತರಿಸಿ, ಜೋಡಿಸಿ ಹೊಲಿದು, ಮಗುವಿನ ಹೆಸರು ಬರೆದು, ಧರ್ಮಗ್ರಂಥದ ಸುರುಳಿ ಕಟ್ಟಲು ಕೊಡುತ್ತಿದ್ದ ಪದ್ಧತಿ ಅಲ್ಲಿ ಗೊತ್ತಾಗುತ್ತದೆ.

ಉಡುಪಿನ ಕೋಣೆಯಲ್ಲಿ ಎಲ್ಲರ ಕ್ಯಾಮೆರಾ ತಿರುಗುವುದು ತಲೆಯ ಮೇಲಿನ ದೊಡ್ಡ ಕಪ್ಪು ರಿಬ್ಬನ್ನಿನತ್ತ. ಇಡೀ ಆಲ್ಸಾಸ್ ಹೀಗೇ ಉಡುತ್ತಿತ್ತು ಅಂದುಕೊಂಡರೆ ತಪ್ಪು. ಅದು ಸ್ಟ್ರಾಸ್‌ಬರ್ಗಿನ ಉತ್ತರದ ಕೆಲವು ಸೀಮೆಗಳ ಉಡುಪು. ರಿಬ್ಬನ್ ಅಷ್ಟಗಲ ಬೆಳೆದದ್ದೂ 19ನೇ ಶತಮಾನದ ಉತ್ತರಾರ್ಧದಲ್ಲಿ. 1871ರ ನಂತರ ಪ್ಯಾರಿಸ್ಸಿನ ಚಿತ್ರಕಾರರು ಅದನ್ನೇ ಕಳೆದುಹೋದ ಪ್ರಾಂತ್ಯದ ಸೂತಕದ ಗುರುತು ಮಾಡಿದರು. ಹಳ್ಳಿಯ ಹುಡುಗಿಯ ಹಬ್ಬದ ಸಿಂಗಾರ ದೇಶಭಕ್ತಿಯ ಪೋಸ್ಟರ್ ಆದ ಈ ಕತೆಯನ್ನು ದೊಡ್ಡದಾಗಿ ಹೇಳಬೇಕಿತ್ತು.

ಅದಕ್ಕಿಂತ ದೊಡ್ಡ ಕೊರತೆ 1918ರ ನಂತರದ ಚರಿತ್ರೆಯದ್ದು. 1869ರಲ್ಲಿ ಹುಟ್ಟಿ 1946ರವರೆಗೆ ಬದುಕಿದವರು ಮನೆ ಬದಲಿಸದೆಯೇ ನಾಲ್ಕು ಸಲ ದೇಶ ಬದಲಿಸಿದರು. 1918ರಲ್ಲಿ ಮರಳಿ ಬಂದ ಫ್ರಾನ್ಸ್ ಜನರಿಗೆ ಎ, ಬಿ, ಸಿ, ಡಿ ಎಂಬ ನಾಲ್ಕು ಬಗೆಯ ಗುರುತಿನ ಚೀಟಿ ಹಂಚಿತು: ಮೂಲತಃ ಫ್ರೆಂಚ್ ಮನೆತನದವರಿಗೆ ಎ, ತಂದೆ ತಾಯಿಯಲ್ಲಿ ಒಬ್ಬರು ಹೊರಗಿನವರಾದರೆ ಬಿ, ಜರ್ಮನರಿಗೆ ಡಿ. ಯಾವ ಚೀಟಿ ಎಂಬುದರ ಮೇಲೆ ಹಕ್ಕುಗಳು ನಿಂತಿದ್ದವು. 1940ರಲ್ಲಿ ನಾಜಿಗಳು ಬಂದು ಫ್ರೆಂಚ್ ಮಾತನ್ನೇ ನಿಷೇಧಿಸಿದರು. 1942ರ ಆಗಸ್ಟಿನಿಂದ ಆಲ್ಸಾಸ್ ಮತ್ತು ಪಕ್ಕದ ಮೊಸೆಲ್ ಜಿಲ್ಲೆಯ ಸುಮಾರು 1,30,000 ಮಂದಿಯನ್ನು ಬಲವಂತವಾಗಿ ಜರ್ಮನ್ ಸೇನೆಗೆ ಎಳೆದರು.

ಈ ಕೊರತೆ ತುಂಬಿಕೊಳ್ಳಲು ಎರಡು ಜಾಗ. ಒಂದು, ಇದೇ ಊರಿನ ಪ್ಲಾಸ್ ದ ಲಾ ರಿಪಬ್ಲಿಕ್ ಚೌಕದಲ್ಲಿರುವ 1936ರ ಯುದ್ಧ ಸ್ಮಾರಕ, ಖರ್ಚಿಲ್ಲ. ತಾಯಿಯ ಮಡಿಲಲ್ಲಿ ಸಾಯುತ್ತಿರುವ ಇಬ್ಬರು ಮಕ್ಕಳ ಮೈಮೇಲೆ ಸಮವಸ್ತ್ರವಿಲ್ಲ, ಕೆಳಗೆ ‘ನಮ್ಮ ಮೃತರಿಗೆ’ ಎಂದಿದೆ. ಮೊದಲ ಮಹಾಯುದ್ಧದಲ್ಲಿ ಇಲ್ಲಿಂದ ಹೋಗಿ ಸತ್ತವರಲ್ಲಿ ಹೆಚ್ಚಿನವರು ಜರ್ಮನ್ ಸೇನೆಯಲ್ಲಿದ್ದವರು, ಹಾಗಾಗಿ ಫ್ರಾನ್ಸಿಗಾಗಿ ಸತ್ತರು ಎಂಬ ಮಾಮೂಲು ಸಾಲು ಇಲ್ಲ. ಇನ್ನೊಂದು, 2005ರಲ್ಲಿ ತೆರೆದ ಶಿರ್ಮೆಕ್‌ನ ಆಲ್ಸಾಸ್–ಮೊಸೆಲ್ ಸ್ಮಾರಕ ಮ್ಯೂಸಿಯಂ. ಸ್ಟ್ರಾಸ್‌ಬರ್ಗಿನಿಂದ ರೈಲಿದೆ, ಸ್ಟೇಷನ್ನಿನಿಂದ ಮೇಲಕ್ಕೆ ಏರು ಹತ್ತಬೇಕು. ಅದಕ್ಕೆ ಸೋಮವಾರ ರಜೆ, ಆಲ್ಸೇಸಿಯನ್ ಮ್ಯೂಸಿಯಮ್ಮಿಗೆ ಮಂಗಳವಾರ. ಎರಡನ್ನೂ ನೋಡುವವರು ಬುಧವಾರ ಅಥವಾ ಆಮೇಲೆ ಹೊರಡುವುದು ಒಳ್ಳೆಯದು.