ತಿಪಟೂರಿನಲ್ಲಿ ಒಂದು ಆಡಿ ಟಿಟಿ: ಎಂಟು ವರ್ಷ ಇಟ್ಟುಕೊಂಡವನ ಅಭಿಪ್ರಾಯ

ನಮ್ಮ ಕಡೆ ಟಿಟಿ ಅಂದರೆ ಟೆಂಪೋ ಟ್ರಾವೆಲರ್. ಧರ್ಮಸ್ಥಳಕ್ಕೋ ತಿರುಪತಿಗೋ ಹೊರಟರೆ ನೆಂಟರೆಲ್ಲ ಸೇರಿ ಒಂದು ಟಿಟಿ ಮಾಡಿಕೊಂಡು ಹೋಗುತ್ತಾರೆ. 2017ರಲ್ಲಿ ನಾನು ಟಿಟಿ ತಗೊಂಡೆ ಅಂತ ಫೋನಿನಲ್ಲಿ ಹೇಳಿದಾಗ ಅರಸೀಕೆರೆಯ ಸೋದರಮಾವ, "ಒಳ್ಳೇದಾಯ್ತು ಕಣಪ್ಪ, ಮದುವೆ ಕಾಲಕ್ಕೆ ಬಾಡಿಗೆ ಚೆನ್ನಾಗಿ ಬರ್ತದೆ" ಅಂದರು. ಆದರೆ ನಾನು ತಗೊಂಡಿದ್ದು ಆಡಿ ಟಿಟಿ, ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು. ಮನೆಗೆ ಬಂದು ನೋಡಿದವರು ಕಾರನ್ನು ಒಂದು ಸುತ್ತು ಹಾಕಿದರು. ಬಗ್ಗಿ ಒಳಗೆ ನೋಡಿ, "ಹಿಂದಿನ ಸೀಟಲ್ಲಿ ಕೂರೋರು ಯಾರೋ?" ಅಂತ ಕೇಳಿದರು. ಅದು ಸರಿಯಾದ ಪ್ರಶ್ನೆ. ಹತ್ತು ವರ್ಷದ ಒಳಗಿನ ಮಕ್ಕಳು ಇಬ್ಬರು ಕೂರಬಹುದು, ಅಷ್ಟೇ. ಮಂಡಿ ನೋವಿರುವ ನಮ್ಮಮ್ಮ ಮುಂದಿನ ಸೀಟಿಗೆ ಇಳಿದು ಕೂರೋದೂ ಕಷ್ಟ. ಅವರಿಗೆ ಬೇರೆ ಕಾರಿದೆ. ಮನೆಗೆ ಒಂದೇ ಕಾರು ಅನ್ನುವವರು ಇದನ್ನು ತಗೋಬೇಡಿ.

ನನ್ನದು ಎರಡನೇ ತಲೆಮಾರಿನ ಟಿಟಿ ಕೂಪೆ, 3.2 ಕ್ವಾಟ್ರೋ (ಅಂದರೆ 3.2 ಲೀಟರ್ ಎಂಜಿನ್, ನಾಲ್ಕೂ ಚಕ್ರಕ್ಕೆ ಬಲ ಹೋಗುವಂಥದ್ದು), 2008ರಲ್ಲಿ ರಿಜಿಸ್ಟರ್ ಆಗಿದ್ದು. ಬೆಂಗಳೂರಿನ ಒಬ್ಬ ಡಾಕ್ಟರ ಹತ್ತಿರ ಹನ್ನೆರಡೂವರೆ ಲಕ್ಷಕ್ಕೆ ತಗೊಂಡೆ. ಆಗ 31,000 ಕಿಲೋಮೀಟರ್ ಓಡಿತ್ತು, ಈಗ 74,000. ನಾನು ಕೊಬ್ಬರಿ ವ್ಯಾಪಾರಿ. ವಾರಕ್ಕೆ ಎರಡು ದಿನ ಎಪಿಎಂಸಿಯಲ್ಲಿ ಟೆಂಡರ್ ಇರುತ್ತದೆ. ದಿನವೂ ಸರಕಿಗೆ ಬೆಲೆ ಕಟ್ಟೋದೇ ನನ್ನ ಕೆಲಸ. ಆದರೂ ಈ ಕಾರಿಗೆ ಬೆಲೆ ಕಟ್ಟೋದು ಹೇಗೆ ಅಂತ ಕಲಿಯಲು ಆರೇಳು ವರ್ಷ ಬೇಕಾಯಿತು. ಅದನ್ನು ಹೇಳೋಣ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾರಿನ ವಿಷಯ. ಟಿಟಿ ಅನ್ನೋ ಹೆಸರು ಐಲ್ ಆಫ್ ಮ್ಯಾನ್ ದ್ವೀಪದ ಟೂರಿಸ್ಟ್ ಟ್ರೋಫಿ ರೇಸಿನಿಂದ ಬಂದದ್ದು. 1995ರಲ್ಲಿ ಫ್ರಾಂಕ್‌ಫರ್ಟ್ ಮೋಟಾರ್ ಶೋದಲ್ಲಿ ಬರೀ ಮಾದರಿಯಾಗಿ ತೋರಿಸಿದ್ದನ್ನು ಜನ ಮೆಚ್ಚಿದರು ಅಂತ 1998ರಲ್ಲಿ ಮಾರಾಟಕ್ಕೇ ತಂದರು. ನನ್ನ ಕಾರಿನ ಆಕಾರ 2006ರದ್ದು. 2023ರ ನವೆಂಬರ್‌ನಲ್ಲಿ ಹಂಗೇರಿಯ ಗ್ಯೋರ್ ಕಾರ್ಖಾನೆಯಿಂದ ಕೊನೆಯ ಟಿಟಿ ಹೊರಬಂತು. ಮೂರು ತಲೆಮಾರು ಸೇರಿ ಆರೂವರೆ ಲಕ್ಷಕ್ಕೂ ಜಾಸ್ತಿ ಕಾರು ತಯಾರಾದವು. ಆದರೆ ನಮ್ಮ ಜಿಲ್ಲೆಯ ರಸ್ತೆಯಲ್ಲಿ ಈ ಎಂಟು ವರ್ಷದಲ್ಲಿ ನನ್ನ ಕಾರಿನಂಥದ್ದು ಇನ್ನೊಂದನ್ನು ನಾನು ನೋಡಿಲ್ಲ.

ಇದರ ಎಂಜಿನ್ ಸ್ವಲ್ಪ ವಿಚಿತ್ರ. 3189 ಸಿಸಿ, ಆರು ಸಿಲಿಂಡರ್, ಟರ್ಬೊ ಇಲ್ಲ, 250 ಪಿಎಸ್. ಸಾಮಾನ್ಯವಾಗಿ ವಿ6 ಅಂದರೆ ಸಿಲಿಂಡರ್‌ಗಳ ಎರಡು ಸಾಲು ಅಗಲವಾಗಿ ಕವಲೊಡೆದಿರುತ್ತವೆ, ಮೇಲೆ ಮುಚ್ಚಳದ ಹಾಗೆ ಸಾಲಿಗೊಂದು ಹೆಡ್ ಇರುತ್ತದೆ. ಇದರಲ್ಲಿ ಎರಡು ಸಾಲಿನ ನಡುವೆ ಬರೀ 15 ಡಿಗ್ರಿ. ಅಷ್ಟು ಒತ್ತಾಗಿ ಇರೋದರಿಂದ ಎರಡಕ್ಕೂ ಸೇರಿ ಒಂದೇ ಹೆಡ್. ವಿಆರ್6 ಅಂತ ಕರೆಯುತ್ತಾರೆ. ಇದರ ಸದ್ದು ಬೇರೆ ಯಾವ ಆರು ಸಿಲಿಂಡರ್ ಕಾರಿಗೂ ಇಲ್ಲ. ನಿಧಾನಕ್ಕೆ ಹೋಗುವಾಗ ಗಂಟಲಲ್ಲೇ ಗುನುಗುತ್ತದೆ. ನಾಲ್ಕು ಸಾವಿರ ಆರ್‌ಪಿಎಂ ದಾಟಿದ ಮೇಲೆ, ನಾದಸ್ವರದವರು ಉಸಿರು ಕಟ್ಟಿ ಮೇಲಿನ ಸ್ವರಕ್ಕೆ ಎತ್ತುತ್ತಾರಲ್ಲ, ಹಾಗೆ ಏರುತ್ತದೆ.

ಭಾನುವಾರ ಬೆಳಗ್ಗೆ ಐದೂವರೆಗೆ ಹೊರಡುತ್ತೇನೆ. ಕೆ.ಬಿ. ಕ್ರಾಸ್, ನಿಟ್ಟೂರು, ಗುಬ್ಬಿ ದಾಟಿ ತುಮಕೂರು, ಅಲ್ಲಿಂದ ದೇವರಾಯನದುರ್ಗ. ಬೆಟ್ಟದ ತಿರುವುಗಳಲ್ಲಿ ರಾತ್ರಿ ಮಳೆ ಬಿದ್ದು ರಸ್ತೆ ಒದ್ದೆಯಾಗಿದ್ದರೂ ನಾಲ್ಕು ಚಕ್ರವೂ ನೆಲ ಕಚ್ಚಿಕೊಂಡು ಎಳೆಯುತ್ತವೆ. ಮೂತಿ ಮಾತ್ರ ಭಾರ. ತಿರುವಿಗೆ ಜೋರಾಗಿ ನುಗ್ಗಿದರೆ ಮುಂಭಾಗ ಹೊರಕ್ಕೆ ಜಾರಲು ನೋಡುತ್ತದೆ. ಮೊದಲೇ ಬ್ರೇಕ್ ಹಿಡಿದು, ತಿರುಗಿಸಿ, ಆಮೇಲೆ ಆಕ್ಸಿಲರೇಟರ್ ಒತ್ತಬೇಕು. ಗೊತ್ತಾದ ಮೇಲೆ ಅದೇ ಸೊಗಸು. ವಾಪಸ್ ಬರುವಾಗ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ. ಒಂಬತ್ತೂವರೆಗೆ ಮನೆ. ಮೈಲೇಜು ಊರೊಳಗೆ ಏಳು, ಹೈವೇಯಲ್ಲಿ ಹತ್ತು. ಹಳ್ಳಿಗಳ ಹಂಪ್‌ಗಳನ್ನು ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸಬೇಕು. ಹಿಂದಿನಿಂದ ಬಸ್ಸಿನವರು ಹಾರ್ನ್ ಹೊಡೆಯುತ್ತಾರೆ. ಹೊಡೆಯಲಿ.

ಇನ್ನು ಕಾಯಿಲೆಯ ವಿಷಯ. ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ಆರಿ, ತಿರುಳು ಚಿಪ್ಪು ಬಿಡುತ್ತದೆ. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಲೊಟಲೊಟ ಅನ್ನುತ್ತದೆ. ಆ ಸದ್ದಿನಲ್ಲೇ ಕಾಯಿ ಕೊಬ್ಬರಿಯಾಗಿದೆಯೋ ಇಲ್ಲವೋ ಅಂತ ತಿಳಿಯುತ್ತದೆ. ಅಪ್ಪ ನನಗೆ ಮೊದಲು ಕಲಿಸಿದ್ದು ಇದನ್ನೇ. ಕಾರು ತಂದು ಒಂದು ವರ್ಷವಾಗಿತ್ತು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ಮೂರು ಸೆಕೆಂಡ್ ಒಂದು ಲೊಟಲೊಟ ಸದ್ದು ಬರತೊಡಗಿತು. ಎಂಜಿನ್ ಬಿಸಿಯಾದ ಮೇಲೆ ಇಲ್ಲ. ಬೆಂಗಳೂರಿನ ಒಂದು ದೊಡ್ಡ ವರ್ಕ್‌ಶಾಪಿಗೆ ತೋರಿಸಿದೆ. ಅವರು ತೆಗೆದುಕೊಂಡು ಹೋದ ಹೊತ್ತಿಗೆ ಎಂಜಿನ್ ಬಿಸಿ ಇತ್ತು, ಸದ್ದು ಬರಲಿಲ್ಲ. "ಹಳೇ ಕಾರು ಸಾರ್, ನಾರ್ಮಲ್" ಅಂದು ಆಯಿಲ್ ಬದಲಿಸಿ ಕಳಿಸಿದರು. ನಾಲ್ಕು ತಿಂಗಳಿಗೆ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಹತ್ತಿತು.

ಆಗ ಪರಿಚಯದವರು ಒಬ್ಬ ಸ್ವತಂತ್ರ ಮೆಕ್ಯಾನಿಕ್ ಹತ್ತಿರ ಕಳಿಸಿದರು. ಆತ ಮಾಡಿದ ಮೊದಲ ಕೆಲಸ ನನಗೆ ತುಂಬ ಹಿಡಿಸಿತು. "ಇವತ್ತು ಬಿಟ್ಟು ಹೋಗಿ ಅಣ್ಣ, ನಾಳೆ ಬೆಳಗ್ಗೆ ತಣ್ಣಗಿದ್ದಾಗ ಕೇಳ್ತೀನಿ" ಅಂದ. ಮಾರನೇ ದಿನ ಸ್ಕ್ಯಾನರ್ ಹಾಕಿ, ಎಂಜಿನ್ನಿನ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ಇರಬೇಕಾದ ಜಾಗದಿಂದ ಎಷ್ಟು ಡಿಗ್ರಿ ಜರುಗಿದೆ ಅಂತ ತೋರಿಸಿದ. ಆ ಕ್ಯಾಮನ್ನು ತಿರುಗಿಸುವ ಟೈಮಿಂಗ್ ಚೈನ್ ಹಿಗ್ಗಿತ್ತು. ಈ ಎಂಜಿನ್‌ಗಳಿಗೆ ಇದು ಗೊತ್ತಿರುವ ರೋಗವೇ. ತೊಂದರೆ ಏನೆಂದರೆ ಚೈನ್ ಇರೋದು ಎಂಜಿನ್ನಿನ ಗೇರ್‌ಬಾಕ್ಸ್ ಕಡೆ. ಸಾವಿರಗಟ್ಟಲೆಯ ಚೈನ್ ಹಾಕಲು ಗೇರ್‌ಬಾಕ್ಸ್ ಇಳಿಸಬೇಕು. ಚೈನ್, ಟೆನ್ಷನರ್, ಗೈಡ್, ಆಯಿಲ್ ಸೀಲ್, ಎಲ್ಲ ಹೊಸದು. ಹತ್ತೊಂಬತ್ತು ದಿನ, 2 ಲಕ್ಷ 40 ಸಾವಿರ ರೂಪಾಯಿ. ಬಿಲ್ಲು ನೋಡಿ ಎದೆ ಧಸಕ್ಕೆಂದಿತು. ಆದರೆ ಆ ಬಿಲ್ಲನ್ನು ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈ ಮಾಡೆಲ್ ನೋಡಲು ಹೋಗುವವರು ಒಂದು ಚಿಕ್ಕ ಅಯಸ್ಕಾಂತ ಜೇಬಿನಲ್ಲಿ ಇಟ್ಟುಕೊಳ್ಳಿ, ಫ್ರಿಜ್ಜಿಗೆ ಅಂಟಿಸೋದು ಸಾಕು. ಈ ಟಿಟಿಯ ಬಾನೆಟ್, ಮುಂದಿನ ಫೆಂಡರ್, ರೂಫ್ ಅಲ್ಯೂಮಿನಿಯಂ. ಬಾಗಿಲು ಮತ್ತು ಡಿಕ್ಕಿ ಬಾಗಿಲು ಉಕ್ಕು. ಮೂತಿ ಭಾರವಾಗಿರೋದರಿಂದ ತೂಕ ಸರಿದೂಗಿಸಲು ಹಿಂಭಾಗಕ್ಕೆ ಉಕ್ಕು ಹಾಕಿದ್ದಾರೆ. ಅಂದರೆ ಅಯಸ್ಕಾಂತ ಬಾಗಿಲಿಗೆ ಅಂಟಬೇಕು, ಬಾನೆಟ್ಟಿಗೆ ಅಂಟಬಾರದು. ಬಾಗಿಲಿಗೂ ಅಂಟುತ್ತಿಲ್ಲ ಅಂದರೆ ಹಳೇ ಪೆಟ್ಟು ಮುಚ್ಚಲು ಪೇಂಟಿನ ಕೆಳಗೆ ದಪ್ಪಗೆ ಪುಟ್ಟಿ ಮೆತ್ತಿದ್ದಾರೆ. ಮುಂಭಾಗಕ್ಕೆ ಪೆಟ್ಟು ಬಿದ್ದರೆ ಟಿಂಕರಿಂಗ್ ಮಾಡಿಸಿ ಬಿಡೋಣ ಅನ್ನೋ ಹಾಗಿಲ್ಲ. ಅಲ್ಯೂಮಿನಿಯಂ ಸುತ್ತಿಗೆಗೆ ಬಗ್ಗಿದಂತೆ ಕಂಡರೂ ಬಿರುಕು ಬಿಡುತ್ತದೆ. ಅದಕ್ಕೆ ಬೇರೆ ಕೈ, ಬೇರೆ ಸಾಮಾನು ಬೇಕು.

ಇನ್ನೊಂದು ವಿಚಿತ್ರ, ಬಾಗಿಲಿನ ಗಾಜಿಗೆ ಮೇಲೆ ಚೌಕಟ್ಟಿಲ್ಲ. ಹಿಡಿ ಎಳೆದ ಕೂಡಲೇ ಗಾಜು ಚೂರು ಕೆಳಗಿಳಿದು ರಬ್ಬರ್ ಬಿಡಿಸಿಕೊಳ್ಳುತ್ತದೆ, ಬಾಗಿಲು ಮುಚ್ಚಿದ ಮೇಲೆ ಮತ್ತೆ ಏರುತ್ತದೆ. ಬ್ಯಾಟರಿ ಸೋತಿದ್ದರೆ ಗಾಜು ಇಳಿಯಲ್ಲ. ಆಗ ಬಾಗಿಲು ಜಗ್ಗಬೇಡಿ.

ಬಿಡಿಭಾಗದ ವಿಷಯದಲ್ಲಿ ಒಳ್ಳೇ ಸುದ್ದಿ ಇದೆ. ಈ ಟಿಟಿ ಮತ್ತು ನಮ್ಮಲ್ಲಿ ಓಡಾಡಿದ ಸ್ಕೋಡಾ ಲಾರಾ ಒಂದೇ ಬುನಾದಿಯ ಮೇಲೆ ಕಟ್ಟಿದ ಕಾರುಗಳು. ಪಾರ್ಟ್ ನಂಬರ್ 1ಕೆ0 ಅಂತ ಶುರುವಾದರೆ ಮುಖದಲ್ಲಿ ನಗು ಬರುತ್ತದೆ. ಅದು ಆ ಇಡೀ ಕುಟುಂಬದ ಸಾಮಾನು, ಬೆಂಗಳೂರಿನ ಅಂಗಡಿಗಳಲ್ಲಿ ನ್ಯಾಯವಾದ ಬೆಲೆಗೆ ಸಿಗುತ್ತದೆ. 8ಜೆ ಅಂತ ಶುರುವಾದರೆ ಟಿಟಿಗೆ ಮಾತ್ರ ಸೇರಿದ್ದು. ತರಿಸಬೇಕು, ಕಾಯಬೇಕು. ನನಗೆ ಒಂದು ಹೆಡ್‌ಲೈಟಿಗೆ ಎರಡು ತಿಂಗಳು ಹಿಡಿಯಿತು. ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೋಮ್ಯಾಟಿಕ್) ಗೇರ್‌ಬಾಕ್ಸ್ ಆಯಿಲನ್ನು 60,000 ಕಿಲೋಮೀಟರಿಗೆ ತಪ್ಪದೆ ಬದಲಿಸಿ. ಹಿಂದಿನ ಚಕ್ರಗಳಿಗೆ ಬಲ ಕಳಿಸುವ ಹಾಲ್ಡೆಕ್ಸ್ ಯೂನಿಟ್ಟಿಗೂ ಅದರದೇ ಆಯಿಲ್ ಇದೆ. ಅದನ್ನು ಬಹಳ ಜನ ಮರೆಯುತ್ತಾರೆ.

ಪೆಟ್ರೋಲಿನದು ನಿಜವಾದ ಚಿಂತೆ. ಈಗ ಬಂಕುಗಳಲ್ಲಿ ಬರುವುದು ಶೇಕಡ 20 ಎಥನಾಲ್ ಬೆರೆಸಿದ್ದು. 2008ರ ಕಾರಿನ ರಬ್ಬರ್ ಪೈಪುಗಳನ್ನು ಅದಕ್ಕಾಗಿ ಮಾಡಿಲ್ಲ. ಬೆಂಗಳೂರಿಗೆ ಹೋದಾಗಲೆಲ್ಲ, ಎಥನಾಲ್ ಬೆರೆಸಿಲ್ಲ ಅನ್ನುವ 100 ಆಕ್ಟೇನ್ ಪೆಟ್ರೋಲ್ ತುಂಬಿಸಿಕೊಂಡು ಬರುತ್ತೇನೆ. ಊರಲ್ಲಿ ಹಾಕಿಸಬೇಕಾಗಿ ಬಂದರೆ ಅರ್ಧ ಟ್ಯಾಂಕ್ ಹಾಕಿಸಿ ಬೇಗ ಖಾಲಿ ಮಾಡುತ್ತೇನೆ, ನಿಲ್ಲಿಸಿ ಇಡಲ್ಲ.

ಈಗ ಬೆಲೆಗೆ ಬರೋಣ. ಹೋದ ವರ್ಷ ಒಂದೇ ತಿಂಗಳಲ್ಲಿ ಈ ಕಾರಿಗೆ ಮೂರು ಬೆಲೆ ಕೇಳಿದೆ. ಹಳೇ ಕಾರು ಮಾರುವವರೊಬ್ಬರು, "ಮಾಡೆಲ್ ಹಳೇದಾಯ್ತು, ಆರು ಲಕ್ಷ, ಅದೂ ನಿಮ್ಮ ಮುಖ ನೋಡಿ" ಅಂದರು. ಬಾನೆಟ್ ಕೂಡ ತೆಗೆಸಲಿಲ್ಲ. ಇನ್ಶೂರೆನ್ಸ್ ಕಂಪನಿಯ ಕಂಪ್ಯೂಟರ್ 4 ಲಕ್ಷ ಅಂತ ಐಡಿವಿ (ಕಾರು ಪೂರ್ತಿ ಹೋದರೆ ಅಥವಾ ಕಳುವಾದರೆ ಕಂಪನಿ ಲೆಕ್ಕ ಹಿಡಿಯುವ ಬೆಲೆ) ತೋರಿಸಿತು. ಹಾಸನ ಕಡೆಯ ಕಾಫಿ ಬೆಳೆಗಾರರೊಬ್ಬರು ಬೆಳಗ್ಗೆ ಏಳಕ್ಕೇ ಬಂದರು. ಎಂಜಿನ್ ತಣ್ಣಗಿದೆಯಾ ಅಂತ ಬಾನೆಟ್ ಮುಟ್ಟಿ ನೋಡಿದರು, ಸ್ಟಾರ್ಟ್ ಮಾಡಿಸಿ ಕಿವಿಗೊಟ್ಟು ಕೇಳಿದರು. ಆಮೇಲೆ ಜಗುಲಿಯ ಮೇಲೆ ಕೂತು ನನ್ನ ಫೈಲನ್ನು ಮುಕ್ಕಾಲು ಗಂಟೆ ಓದಿದರು. ಚೈನಿನ ಬಿಲ್ಲಿನ ಫೋಟೊ ತೆಗೆದುಕೊಂಡರು. ಹದಿನಾಲ್ಕು ಲಕ್ಷ ಅಂದರು. ನಾನು ಕೊಟ್ಟಿದ್ದಕ್ಕಿಂತ ಜಾಸ್ತಿ! ಮೊದಲಿನವರು ನೋಡಿದ್ದು ವರ್ಷವನ್ನು, ಇವರು ನೋಡಿದ್ದು ಕಾರನ್ನು. ಕೌಟು ವಾಸನೆ ಇದೆಯೋ ಇಲ್ಲವೋ ಅಂತ ಮೂಸಿ ನೋಡದೆ ಕೊಬ್ಬರಿಗೆ ಯಾರಾದರೂ ಬೆಲೆ ಕೂಗುತ್ತಾರಾ?

ಐಡಿವಿ ವಿಷಯದಲ್ಲಿ ದಯವಿಟ್ಟು ಮೈಮರೆಯಬೇಡಿ. ಐದು ವರ್ಷ ದಾಟಿದ ಗಾಡಿಗೆ ಐಡಿವಿ ಅಂದರೆ ಕಂಪನಿಯೂ ಮಾಲೀಕನೂ ಮಾತಾಡಿ ಒಪ್ಪಿಕೊಳ್ಳುವ ಮೊತ್ತ, ಕಂಪ್ಯೂಟರ್ ತೋರಿಸಿದ್ದೇ ಕೊನೆಯಲ್ಲ. ರಿಪೇರಿ ಖರ್ಚು ಐಡಿವಿಯ ಶೇಕಡ 75 ದಾಟಿದರೆ ಟೋಟಲ್ ಲಾಸ್ ಅಂತ ಬರೆಯುತ್ತಾರೆ. 4 ಲಕ್ಷ ಐಡಿವಿ ಇದ್ದರೆ 3 ಲಕ್ಷಕ್ಕೇ ಕಾರು ಸತ್ತ ಲೆಕ್ಕ. ಅಲ್ಯೂಮಿನಿಯಂ ಬಾನೆಟ್, ಎರಡು ಹೆಡ್‌ಲೈಟ್, ಬಂಪರ್, ರೇಡಿಯೇಟರ್ ಹೋದರೆ ಅಷ್ಟು ಆಗಿಬಿಡುತ್ತದೆ. ನಾನು ಲೈಸೆನ್ಸ್ ಇರುವ ಸರ್ವೇಯರ್ ಹತ್ತಿರ ಬೆಲೆಯ ವರದಿ ಬರೆಸಿ, ಬಿಲ್ಲುಗಳನ್ನೆಲ್ಲ ಜೊತೆಗಿಟ್ಟು, ಎರಡು ವಾರ ಓಡಾಡಿ 9 ಲಕ್ಷಕ್ಕೆ ಒಪ್ಪಿಸಿದೆ. ಪ್ರೀಮಿಯಂ ಜಾಸ್ತಿಯಾಯಿತು. ಅದರಲ್ಲಿ ನನಗೆ ಬೇಸರವಿಲ್ಲ.

ಸರ್ಕಾರದ ಲೆಕ್ಕದಲ್ಲಿ ಇಂಥ ಕಾರಿಗೆ ಜಾಗವೇ ಇಲ್ಲ. 2021ರ ನಿಯಮದಂತೆ ವಿಂಟೇಜ್ ಅನ್ನಿಸಿಕೊಳ್ಳಲು 50 ವರ್ಷ ಆಗಿರಬೇಕು. ಅಲ್ಲಿವರೆಗೆ ಇದು ಸುಮ್ನೆ ಹಳೇ ಗಾಡಿ. 2023ಕ್ಕೆ 15 ವರ್ಷ ತುಂಬಿತು, ಆರ್‌ಸಿ ನವೀಕರಣಕ್ಕೆ ಹೋದೆ. 2022ರ ಏಪ್ರಿಲ್‌ನಿಂದ ಸಾಮಾನ್ಯ ಕಾರಿಗೆ ಈ ಶುಲ್ಕ 5,000, ಹೊರದೇಶದಿಂದ ಬಂದ ಕಾರಿಗೆ 40,000. ನನ್ನದು ಎರಡನೇ ಸಾಲಿಗೆ ಬಿತ್ತು. 2025ರಲ್ಲಿ ಇನ್ನೂ ಏರಿಸಿದ್ದಾರೆ, 20 ವರ್ಷ ದಾಟಿದ ಆಮದು ಕಾರಿಗೆ 80,000. ಅಂದರೆ 2028ಕ್ಕೆ ನಾನು ಅಷ್ಟು ಕಟ್ಟಬೇಕು. ಹೊಗೆ ಪರೀಕ್ಷೆಯಲ್ಲೂ ಫಿಟ್ನೆಸ್‌ನಲ್ಲೂ ಪಾಸಾದ, ವರ್ಷಕ್ಕೆ ಐದು ಸಾವಿರ ಕಿಲೋಮೀಟರ್ ಓಡುವ, ಜೋಪಾನವಾಗಿ ಸಾಕಿದ ಕಾರಿಗೆ ಇದು ಅನ್ಯಾಯ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಬೆಲೆ ಮಾತಾಡುವಾಗ ಈ 80,000ವನ್ನೂ ಸೇರಿಸಿಕೊಂಡೇ ಮಾತಾಡಿ.

ನನ್ನನ್ನು ಕೇಳಿದರೆ ಈ ಮಾಡೆಲ್‌ಗೆ ಹೀಗೆ ಲೆಕ್ಕ ಹಾಕಿ. ಚೈನ್ ಬದಲಿಸಿದ ಬಿಲ್ಲು ಇಲ್ಲದಿದ್ದರೆ ಕೇಳಿದ ಬೆಲೆಯಲ್ಲಿ ಮೂರು ಲಕ್ಷ ಇಳಿಸಿ ಮಾತು ಶುರು ಮಾಡಿ. ಮಾಲೀಕರು ಎಂಜಿನ್ ಬಿಸಿ ಮಾಡಿ ಇಟ್ಟುಕೊಂಡು ಕಾಯುತ್ತಿದ್ದರೆ ಟೀ ಕುಡಿದು ವಾಪಸ್ ಬನ್ನಿ. ಕಡಿಮೆ ಓಡಿದೆ ಅಂತ ಮರುಳಾಗಬೇಡಿ. 20,000 ಓಡಿ ಶೆಡ್ಡಿನಲ್ಲಿ ನಿಂತ ಕಾರಿಗಿಂತ 80,000 ಓಡಿ ಬಿಲ್ಲು ಇಟ್ಟಿರುವ ಕಾರು ಮೇಲು. ಎರಡು ಕೀಲಿಯೂ ಇರಬೇಕು.

ನನ್ನ ಕಾರಿಗೆ ನಾನೇ ಕಟ್ಟಿದ ಬೆಲೆ ಹದಿನಾಲ್ಕೂವರೆ. ಹಾಸನದವರು ಹೋದ ತಿಂಗಳು ಮತ್ತೆ ಫೋನ್ ಮಾಡಿ ಅಷ್ಟಕ್ಕೇ ಒಪ್ಪಿದರು. ದೀಪಾವಳಿ ಕಳೆಯಲಿ ಸಾರ್ ಅಂದೆ. ಮಗಳಿಗೆ ಹದಿನೆಂಟು ತುಂಬಿದೆ, ಲೈಸೆನ್ಸ್ ಬಂದಿದೆ. ದೇವರಾಯನದುರ್ಗದ ತಿರುವುಗಳಲ್ಲಿ ಒಂದು ಸಲ ಅವಳು ಓಡಿಸಲಿ, ನಾನು ಪಕ್ಕದಲ್ಲಿ ಕೂತು ಸದ್ದು ಕೇಳಬೇಕು.